ಎರಡು ಸಿಸೇರಿಯನ್ ಆದ ಮೇಲೆ ನಾರ್ಮಲ್ ಹೆರಿಗೆ: ಜಗಳೂರು ಕಡೆಯ ಒಬ್ಬ ತಾಯಿಯ ಪ್ರಕರಣ

ವಯಸ್ಸು 29. ಮೂರನೇ ಬಸಿರು. ಹಿಂದಿನ ಎರಡೂ ಹೆರಿಗೆ ಸಿಸೇರಿಯನ್. ಇಬ್ಬರೂ ಹೆಣ್ಣುಮಕ್ಕಳು, ದೊಡ್ಡವಳಿಗೆ ಏಳು ವರ್ಷ, ಚಿಕ್ಕವಳಿಗೆ ನಾಲ್ಕು. ಊರು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಗಂಡ ಈರುಳ್ಳಿ, ಮೆಕ್ಕೆಜೋಳ ಬೆಳೆಯುತ್ತಾರೆ. ಐದನೇ ತಿಂಗಳಲ್ಲಿ ತಾಯಿ ಕಾರ್ಡ್ ಹಿಡಿದುಕೊಂಡು, ಆಶಾ ಕಾರ್ಯಕರ್ತೆಯ ಜೊತೆ ದಾವಣಗೆರೆಯ ನಮ್ಮ ಆಸ್ಪತ್ರೆಗೆ ಬಂದರು. ಕೂತ ತಕ್ಷಣ ಕೇಳಿದ್ದು ಒಂದೇ ಮಾತು: "ಮೇಡಂ, ಈ ಸಲನಾದ್ರೂ ನಾರ್ಮಲ್ ಆಗಲ್ವಾ?"

ಊರಲ್ಲಿ ಎಲ್ಲರೂ ಇದಕ್ಕೆ ಒಂದೇ ಉತ್ತರ ಕೊಟ್ಟಿದ್ದರು. ಎರಡು ಸಲ ಕೊಯ್ದಿದ್ದಾರೆ, ಮೂರನೇ ಸಲವೂ ಕೊಯ್ಯಲೇಬೇಕು. ಹೆಚ್ಚಿನ ತಾಯಂದಿರ ವಿಷಯದಲ್ಲಿ ಕೊನೆಗೆ ಆಗುವುದೂ ಅದೇ. ಆದರೆ ಎರಡು ಅನ್ನುವ ಲೆಕ್ಕ ಒಂದನ್ನೇ ನೋಡಿ ಉತ್ತರ ಹೇಳುವುದು ಸರಿಯಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಗರ್ಭಕೋಶವನ್ನು ಎಲ್ಲಿ ಕೊಯ್ದರು, ಯಾಕೆ ಕೊಯ್ದರು, ಈ ಸಲ ಹೆರಿಗೆ ಎಲ್ಲಿ ಆಗುತ್ತದೆ, ಮುಂದೆ ಇನ್ನೂ ಮಕ್ಕಳು ಬೇಕಾ. ಈ ನಾಲ್ಕನ್ನೂ ಕೇಳದೆ ಹೌದು ಅನ್ನಲೂ ಬಾರದು, ಇಲ್ಲ ಅನ್ನಲೂ ಬಾರದು. ಈ ತಾಯಿಯ ಒಪ್ಪಿಗೆ ಪಡೆದು ಅವರ ಪ್ರಕರಣವನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ. ಹೆಸರು, ಊರು ಬಿಟ್ಟಿದ್ದೇನೆ.

ನಾರ್ಮಲ್ ಯಾಕೆ ಬೇಕು ಅಂತ ಮೊದಲು ಕೇಳಿದೆ. ಎರಡನೇ ಸಿಸೇರಿಯನ್ ಆದ ಮೇಲೆ ಹೊಲಿಗೆ ಕೀವು ತುಂಬಿತ್ತಂತೆ. ವಾರಗಟ್ಟಲೆ ಡ್ರೆಸ್ಸಿಂಗ್. ತವರಲ್ಲಿ ಅಮ್ಮ ಇಲ್ಲ, ಬಾಣಂತನ ನೋಡುವವರು ಯಾರೂ ಇಲ್ಲ. ಅತ್ತೆಗೆ ಮಂಡಿ ನೋವು. ಎದ್ದು ನೀರು ಕಾಯಿಸಿಕೊಳ್ಳುವುದಕ್ಕೂ ಇನ್ನೊಬ್ಬರನ್ನು ಕರೆಯಬೇಕಿತ್ತು. "ನಂಗೆ ನೋವಿಗೆ ಹೆದ್ರಿಕೆ ಇಲ್ಲ ಮೇಡಂ, ಮಲಗೋದಕ್ಕೆ ಹೆದ್ರಿಕೆ" ಅಂದರು. ಇಂಥ ಆಸೆಯನ್ನು ಹಠ ಅಂತ ತಳ್ಳಿಹಾಕುವವರನ್ನು ನೋಡಿದ್ದೇನೆ. ಇದು ಹಠ ಅಲ್ಲ. ಮನೆ ನಡೆಸುವ ಹೆಂಗಸು ಮಾಡಿದ ಸರಿಯಾದ ಲೆಕ್ಕ.

ಗಂಡನ ಭಯ ಬೇರೆ. "ಹಳೇ ಹೊಲಿಗೆ ಒಡೆದು ಹೋಗುತ್ತಂತಲ್ಲ ಮೇಡಂ?" ಅದೂ ಸುಳ್ಳಲ್ಲ.

ಈ ಪ್ರಶ್ನೆ ಈಗ ಜಾಸ್ತಿ ಆಗುತ್ತಿರುವುದಕ್ಕೆ ಕಾರಣ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 31.5 ಹೆರಿಗೆ ಸಿಸೇರಿಯನ್. ಅದಕ್ಕಿಂತ ಹಿಂದಿನ ಸಮೀಕ್ಷೆಯಲ್ಲಿ 23.6 ಇತ್ತು. ಮೊದಲ ಹೆರಿಗೆ ಸಿಸೇರಿಯನ್ ಆದವರಲ್ಲಿ ಹೆಚ್ಚಿನವರಿಗೆ ಎರಡನೆಯದೂ ಅದೇ ಆಗುತ್ತದೆ. ಆಮೇಲೆ ಮೂರನೆಯದಕ್ಕೆ ಬಂದು ನಮ್ಮ ಮುಂದೆ ಕೂರುತ್ತಾರೆ.

"ಒಮ್ಮೆ ಸಿಸೇರಿಯನ್ ಆದರೆ ಯಾವಾಗಲೂ ಸಿಸೇರಿಯನ್" ಅನ್ನುವ ಮಾತನ್ನು 1916ರಲ್ಲಿ ನ್ಯೂಯಾರ್ಕಿನ ಎಡ್ವಿನ್ ಕ್ರೇಗಿನ್ ಅನ್ನುವ ಡಾಕ್ಟರು ಬರೆದರು. ಆಗ ಗರ್ಭಕೋಶದ ಮೇಲ್ಭಾಗವನ್ನು ಉದ್ದಕ್ಕೆ ಸೀಳುತ್ತಿದ್ದರು. ಆ ಕಾಲಕ್ಕೆ ಮಾತು ಸರಿಯಾಗಿತ್ತು. ಮುಂದೆ 1920ರ ದಶಕದಲ್ಲಿ ಗ್ಲಾಸ್ಗೋದ ಮನ್ರೋ ಕೆರ್ ಕೆಳಭಾಗವನ್ನು ಅಡ್ಡಕ್ಕೆ ಕೊಯ್ಯುವ ಕ್ರಮವನ್ನು ಬಳಕೆಗೆ ತಂದರು. ಇವತ್ತು ನಮ್ಮಲ್ಲಿ ನಡೆಯುವುದು ಬಹುತೇಕ ಇದೇ. ಕೊಯ್ಯುವ ಜಾಗ ಬದಲಾಯಿತು, ಮಾತು ಮಾತ್ರ ಹಾಗೇ ಉಳಿಯಿತು.

ಜಾಗಕ್ಕೆ ಯಾಕೆ ಇಷ್ಟು ಬೆಲೆ? ಹೆರಿಗೆ ನೋವಿನಲ್ಲಿ ಗರ್ಭಕೋಶದ ಮೇಲ್ಭಾಗ ಗಟ್ಟಿಯಾಗಿ ಹಿಂಡುತ್ತದೆ. ಕೆಳಭಾಗ ತೆಳ್ಳಗಾಗಿ ಹಿಗ್ಗುತ್ತದೆ. ಈ ದಂಪತಿಗೆ ನಾನು ಹೇಳಿದ್ದು ಅವರ ಮೆಕ್ಕೆಜೋಳದ ಚೀಲದ ಲೆಕ್ಕದಲ್ಲಿ: ತುಂಬಿದ ಚೀಲದ ಹೊಟ್ಟೆ ಭಾಗದಲ್ಲಿ ಹೊಲಿಗೆ ಇದ್ದರೆ ಭಾರವೆಲ್ಲ ಅದರ ಮೇಲೇ ಬೀಳುತ್ತದೆ, ಬಾಯಿ ಹತ್ತಿರದ ಸಡಿಲ ಜಾಗದಲ್ಲಿದ್ದರೆ ಅಷ್ಟು ಎಳೆತ ಇಲ್ಲ. ಗಂಡನಿಗೆ ತಕ್ಷಣ ಅರ್ಥ ಆಯಿತು. ಮೇಲ್ಭಾಗದಲ್ಲಿ ಉದ್ದಕ್ಕೆ ಸೀಳಿದ್ದರೆ, ಅಥವಾ ಅಡ್ಡ ಕೊಯ್ತ ಸಾಲದೆ ತಲೆಕೆಳಗಾದ 'ಟಿ' ಥರ ಮೇಲಕ್ಕೂ ಕೊಯ್ದಿದ್ದರೆ, ನಾರ್ಮಲ್ ಮಾತೇ ಎತ್ತಬಾರದು.

ಹೊಟ್ಟೆ ಚರ್ಮದ ಮೇಲಿನ ಗೆರೆ ನೋಡಿ ಇದನ್ನು ಹೇಳಲು ಆಗುವುದಿಲ್ಲ. ಚರ್ಮದ ಮೇಲೆ ಅಡ್ಡ ಗೆರೆ ಇದ್ದು ಒಳಗೆ ಗರ್ಭಕೋಶವನ್ನು ಉದ್ದಕ್ಕೆ ಕೊಯ್ದಿರಬಹುದು. ಗೊತ್ತಾಗುವುದು ಓಟಿ ನೋಟ್ಸ್‌ನಿಂದ ಮಾತ್ರ. ಅಂದರೆ ಓಟಿಯಲ್ಲಿ (ಆಪರೇಷನ್ ಥಿಯೇಟರಿನಲ್ಲಿ) ಆಪರೇಷನ್ ಮುಗಿಸಿ ಡಾಕ್ಟರು ಬರೆದಿಡುವ ವಿವರ.

ಇವರ ಹತ್ತಿರ ಇದ್ದದ್ದು ಎರಡು ಡಿಸ್ಚಾರ್ಜ್ ಕಾರ್ಡ್. ಪ್ಲಾಸ್ಟಿಕ್ ಕವರಿನಲ್ಲಿ ರೇಷನ್ ಕಾರ್ಡಿನ ಜೊತೆ ಜೋಪಾನವಾಗಿ ಇಟ್ಟಿದ್ದರು. ಮೊದಲನೆಯದರಲ್ಲಿ: ದಿನ ತುಂಬಿತ್ತು, ಮಗುವಿನ ಕುಂಡೆ ಕೆಳಗಿತ್ತು, ಅದಕ್ಕೆ ಸಿಸೇರಿಯನ್. ಎರಡನೆಯದರಲ್ಲಿ ಕಾರಣ ಅಂತ ಬರೆದಿದ್ದು ಇಷ್ಟೇ, ಹಿಂದೆ ಸಿಸೇರಿಯನ್ ಆಗಿದೆ. 38 ವಾರಕ್ಕೆ ದಿನ ಗೊತ್ತು ಮಾಡಿ ಮಾಡಿದ್ದರು. ಎರಡೂ ಸಲ ನೋವೇ ಬಂದಿರಲಿಲ್ಲ.

ಇದರಲ್ಲಿ ಒಳ್ಳೆಯದೂ ಇದೆ, ಕೊರತೆಯೂ ಇದೆ. ಮಗು ತಿರುಗಿದ್ದು ಆ ಬಸಿರಿನ ಕಾರಣ, ಪ್ರತಿ ಸಲವೂ ಬರಬೇಕಂತಿಲ್ಲ. ದಾರಿ ಸಾಲದೆ ಮಗು ಸಿಕ್ಕಿಕೊಂಡು ಸಿಸೇರಿಯನ್ ಆದವರಿಗಿಂತ ಇಂಥವರಿಗೆ ನಾರ್ಮಲ್ ಆಗುವ ಸಾಧ್ಯತೆ ಜಾಸ್ತಿ. ಹಿಂದಿನ ಹೆರಿಗೆಯಾಗಿ ನಾಲ್ಕು ವರ್ಷ ಆಗಿದೆ. ಎರಡು ಹೆರಿಗೆ ನಡುವೆ ಒಂದೂವರೆ ವರ್ಷಕ್ಕಿಂತ ಕಡಿಮೆ ಇದ್ದರೆ ಹೊಲಿಗೆ ಬಿಡುವ ಅಪಾಯ ಏರುತ್ತದೆ, ಇಲ್ಲಿ ಆ ಚಿಂತೆ ಇಲ್ಲ. ಕೊರತೆ ಏನೆಂದರೆ ಒಂದು ಸಲವೂ ನಾರ್ಮಲ್ ಆಗಿಲ್ಲ. ಹಿಂದೆ ಒಂದು ನಾರ್ಮಲ್ ಹೆರಿಗೆ ಆಗಿದ್ದರೆ ಅದರಷ್ಟು ಭರವಸೆ ಕೊಡುವ ವಿಷಯ ಇನ್ನೊಂದಿಲ್ಲ.

ಇನ್ನು ಓಟಿ ನೋಟ್ಸ್. ಮೊದಲ ಆಪರೇಷನ್ ಮಾಡಿದ್ದ ನರ್ಸಿಂಗ್ ಹೋಮ್ ಮುಚ್ಚಿಹೋಗಿತ್ತು. ಎರಡನೇ ಆಸ್ಪತ್ರೆಗೆ ಅರ್ಜಿ ಬರೆದುಕೊಡಲು ಗಂಡನಿಗೆ ಹೇಳಿದೆ. ವೈದ್ಯಕೀಯ ಮಂಡಳಿಯ 2002ರ ನಿಯಮದ ಪ್ರಕಾರ ಒಳರೋಗಿಗಳ ದಾಖಲೆಯನ್ನು 3 ವರ್ಷ ಇಟ್ಟಿರಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಇವರದ್ದು 3 ವರ್ಷ ದಾಟಿತ್ತು. ಆದರೂ ರೆಕಾರ್ಡ್ ರೂಮಿನಲ್ಲಿ ಹುಡುಕಿ ಜೆರಾಕ್ಸ್ ಕೊಟ್ಟರು, ದೊಡ್ಡ ಉಪಕಾರ. ಆ ಹಾಳೆ ನನಗೆ ಎರಡು ಆಪರೇಷನ್ನಿನ ಸುದ್ದಿಯನ್ನೂ ಹೇಳಿತು. ಗರ್ಭಕೋಶದ ಕೆಳಭಾಗ, ಅಡ್ಡ ಕೊಯ್ತ, ಪಕ್ಕಕ್ಕೆ ಹರಿದಿಲ್ಲ, ಎರಡು ಪದರ ಹೊಲಿಗೆ. ಅದರ ಮೇಲಿನ ಸಾಲಿನಲ್ಲಿ, ಹಳೆಯ ಗಾಯವೂ ಕೆಳಭಾಗದಲ್ಲೇ ಅಡ್ಡಕ್ಕಿದೆ, ಚೆನ್ನಾಗಿ ಕೂಡಿದೆ. ಆ ಡಾಕ್ಟರು ತಾವು ನೋಡಿದ ಹಳೇ ಗಾಯದ ಬಗ್ಗೆ ಒಂದು ಸಾಲು ಬರೆದಿದ್ದಕ್ಕೆ, ಮುಚ್ಚಿಹೋದ ನರ್ಸಿಂಗ್ ಹೋಮಿನ ವಿವರ ನಾಲ್ಕು ವರ್ಷದ ಮೇಲೆ ನಮಗೆ ಸಿಕ್ಕಿತು. ಅವರು ಯಾರೋ ನನಗೆ ಗೊತ್ತಿಲ್ಲ. ಮನಸ್ಸಿನಲ್ಲೇ ಕೈಮುಗಿದೆ.

ಸ್ಕ್ಯಾನಿಂಗ್‌ನಲ್ಲಿ ನಾನು ಮೊದಲು ನೋಡಿದ್ದು ಕಸ ಎಲ್ಲಿ ಅಂಟಿದೆ ಅಂತ. ಕಸ ಅಂದರೆ ಮಾಸು (ಪ್ಲಾಸೆಂಟಾ). ಅದು ಕೆಳಗೆ ಬಂದು ಹಳೆಯ ಹೊಲಿಗೆ ಮೇಲೆ ಕೂತಿದ್ದರೆ ನಾರ್ಮಲ್ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆಗ ಅದು ಗರ್ಭಕೋಶದ ಗೋಡೆಯೊಳಗೇ ಬೇರು ಬಿಟ್ಟಿರಬಹುದು, ಬಿಡಿಸಲು ಹೋದರೆ ರಕ್ತ ನಿಲ್ಲುವುದಿಲ್ಲ. ಇವರದ್ದು ಮೇಲ್ಭಾಗದಲ್ಲಿ, ಹಿಂದಿನ ಗೋಡೆಗೆ ಅಂಟಿತ್ತು.

ಆಮೇಲೆ ಗಂಡ, ಅತ್ತೆ, ಬಾವ ಎಲ್ಲರನ್ನೂ ಕರೆಸಿ ಕೂರಿಸಿದೆ. ಎರಡು ಸಿಸೇರಿಯನ್ ಆಗಿ ನಾರ್ಮಲ್‌ಗೆ ಪ್ರಯತ್ನ ಪಟ್ಟ 100 ಜನರಲ್ಲಿ ಸುಮಾರು 70 ಜನರಿಗೆ ಆಗುತ್ತದೆ. ಉಳಿದ 30 ಜನರಿಗೆ ನೋವು ತಿಂದ ಮೇಲೂ ಸಿಸೇರಿಯನ್ನೇ. ಗರ್ಭಕೋಶ ಒಡೆಯುವುದು, ಒಂದು ಸಿಸೇರಿಯನ್ ಆದವರಲ್ಲಿ ಸುಮಾರು 200ಕ್ಕೆ ಒಬ್ಬರಿಗೆ. ಎರಡಾದವರಲ್ಲಿ ಬೇರೆ ಬೇರೆ ಅಧ್ಯಯನಗಳು ನೂರಕ್ಕೆ 0.9ರಿಂದ 1.8ರವರೆಗೆ ಹೇಳುತ್ತವೆ. ನೂರಕ್ಕೆ ಒಬ್ಬರು ಅಥವಾ ಅದಕ್ಕೆ ಸ್ವಲ್ಪ ಮೇಲೆ ಅಂತಿಟ್ಟುಕೊಳ್ಳಿ. ಒಡೆದರೆ ಮಗುವಿಗೆ ಉಸಿರು ಕಟ್ಟುತ್ತದೆ, ತಾಯಿಗೆ ರಕ್ತ ಹೋಗುತ್ತದೆ, ಕೆಲವರಿಗೆ ಗರ್ಭಕೋಶ ತೆಗೆಯಬೇಕಾಗುತ್ತದೆ. ದಿನ ಗೊತ್ತು ಮಾಡಿ ಮೂರನೇ ಸಿಸೇರಿಯನ್ ಮಾಡಿದರೆ ಈ ಒಂದು ಅಪಾಯ ಹೆಚ್ಚುಕಡಿಮೆ ಇರುವುದಿಲ್ಲ. ಆದರೆ ಒಳಗಿನ ಅಂಗಗಳು ಒಂದಕ್ಕೊಂದು ಅಂಟಿರುತ್ತವೆ, ಮೂತ್ರಕೋಶಕ್ಕೆ ಪೆಟ್ಟಾಗಬಹುದು, ಗಾಯ ಮಾಯುವುದು ತಡ ಆಗಬಹುದು.

ಬ್ರಿಟನ್ನಿನ ಪ್ರಸೂತಿ ತಜ್ಞರ ಕಾಲೇಜು 2015ರಲ್ಲಿ, ಅಮೆರಿಕದ ತಜ್ಞರ ಸಂಸ್ಥೆ 2019ರಲ್ಲಿ ಕೊಟ್ಟ ಮಾರ್ಗಸೂಚಿಗಳು ಎರಡು ಅಡ್ಡ ಕೊಯ್ತ ಆದವರಿಗೂ ಈ ದಾರಿಯನ್ನು ಮುಚ್ಚಿಲ್ಲ. ಚೆನ್ನಾಗಿ ತಿಳಿಹೇಳಿ, ಸರಿಯಾದ ಜಾಗದಲ್ಲಿ ಪ್ರಯತ್ನಿಸಬಹುದು ಅನ್ನುತ್ತವೆ. ಮೂರು ಅಥವಾ ಹೆಚ್ಚು ಸಿಸೇರಿಯನ್ ಆದವರ ಬಗ್ಗೆ ಲೆಕ್ಕಗಳೇ ಕಡಿಮೆ. ಅಂಥವರಿಗೆ ನಾನು ಮುಂದೆ ನಿಂತು ಪ್ರಯತ್ನ ಮಾಡಿ ಅಂತ ಹೇಳುವುದಿಲ್ಲ.

ಅತ್ತೆ ಎಲ್ಲ ಕೇಳಿ, "ನಾ ಐದು ಹೆತ್ತೀನಿ ತಾಯಿ, ಒಂದಕ್ಕೂ ಆಸ್ಪತ್ರೆ ಮೆಟ್ಟಿಲು ಹತ್ತಿಲ್ಲ" ಅಂದರು. ಅವರ ಗರ್ಭಕೋಶಕ್ಕೆ ಹೊಲಿಗೆ ಬಿದ್ದಿರಲಿಲ್ಲ, ಸೊಸೆಯದಕ್ಕೆ ಎರಡು ಸಲ ಬಿದ್ದಿದೆ ಅಂತ ಬಿಡಿಸಿ ಹೇಳಿದೆ. ಬಾವನ ವಾದ ಇನ್ನೊಂದು ಥರ: "ಹೆಂಗೂ ಮಕ್ಕಳಾಗದಂಗೆ ಆಪರೇಷನ್ ಮಾಡಿಸ್ಬೇಕಲ್ರೀ, ಒಂದೇ ಸಲಕ್ಕೆ ಕೊಯ್ದು ಎರಡೂ ಮುಗಿಸಿಬಿಡಿ."

ಈ ಮಾತನ್ನು ದಾವಣಗೆರೆ, ಚಿತ್ರದುರ್ಗದ ಕಡೆ ಮನೆಮನೆಯಲ್ಲಿ ಕೇಳುತ್ತೇನೆ. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಸಂತಾನಹರಣ ಚಿಕಿತ್ಸೆಗೆ ಸಿಸೇರಿಯನ್ನೇ ಆಗಬೇಕು ಅಂತಿಲ್ಲ. ನಾರ್ಮಲ್ ಹೆರಿಗೆಯಾದ ಏಳು ದಿನದೊಳಗೆ ಹೊಕ್ಕುಳ ಕೆಳಗೆ ಸಣ್ಣ ಕೊಯ್ತ ಹಾಕಿ ನಾಳ ಕಟ್ಟಬಹುದು. ಅದೂ ಬೇಡವಾದರೆ ಗಂಡಸಿಗೆ ಮಾಡುವ ಆಪರೇಷನ್ ಇದೆ, ಇನ್ನೂ ಸುಲಭದ್ದು. ಬೇರೆ ಯಾವ ಕಾರಣವೂ ಇಲ್ಲದೆ, ನಾಳ ಕಟ್ಟುವುದಕ್ಕೋಸ್ಕರ ದೊಡ್ಡ ಆಪರೇಷನ್ನಿಗೆ ತಾಯಿಯನ್ನು ಮಲಗಿಸುವುದು ನನ್ನ ಪ್ರಕಾರ ಅನ್ಯಾಯ.

ಆಮೇಲೆ ಎಲ್ಲರನ್ನೂ ಹೊರಗೆ ಕಳಿಸಿ ಆಕೆಯ ಜೊತೆ ಒಬ್ಬಳೇ ಕೂತು ಮಾತಾಡಿದೆ. "ಇದೂ ಹೆಣ್ಣಾದರೆ?" ಅಂತ ಕೇಳಿದೆ. ಸುಮಾರು ಹೊತ್ತು ಸುಮ್ನೆ ಇದ್ದರು. "ಇನ್ನೊಂದು ನೋಡು ಅಂತಾರೆ ಮೇಡಂ. ನಾಕನೇದೂ ಆಗ್ಬಹುದು." ಈ ಒಂದು ಮಾತಿಗೆ ತಕ್ಕಡಿ ವಾಲಿತು. ಮಾಸು ಕೆಳಗೆ ಬಂದು ಗರ್ಭಕೋಶದ ಬಾಯಿ ಮುಚ್ಚಿದ ತಾಯಂದಿರಲ್ಲಿ ಅದು ಗೋಡೆಗೆ ಕಚ್ಚಿಕೊಳ್ಳುವ ಸಾಧ್ಯತೆ ಎಷ್ಟು ಅಂತ 2006ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಲೆಕ್ಕ ಹಾಕಿತು. ಎರಡನೇ ಸಿಸೇರಿಯನ್ ವೇಳೆಗೆ ನೂರಕ್ಕೆ 11, ಮೂರನೆಯದಕ್ಕೆ 40, ನಾಲ್ಕನೆಯದಕ್ಕೆ 61. ಮುಂದೆ ಇನ್ನೊಂದು ಬಸಿರು ಆಗಬಹುದಾದವರಿಗೆ ಗರ್ಭಕೋಶದ ಮೇಲೆ ಇನ್ನೊಂದು ಗಾಯ ಆಗದಿರುವುದೇ ದೊಡ್ಡ ಲಾಭ. ಇದೇ ಕೊನೆ ಅನ್ನುವವರಿಗೆ ಆ ಲಾಭ ಅಷ್ಟಿಲ್ಲ. ಮುಂದೆ ಮಕ್ಕಳು ಬೇಕಾ ಅನ್ನುವ ಪ್ರಶ್ನೆಯನ್ನು ನಾವು ಡಾಕ್ಟರುಗಳು ಮನೆಯವರ ಎದುರು ಕೇಳುತ್ತೇವೆ, ಮನೆಯವರ ಉತ್ತರವನ್ನೇ ಬರೆದುಕೊಳ್ಳುತ್ತೇವೆ. ತಾಯಿಯನ್ನು ಒಬ್ಬಳೇ ಕೂರಿಸಿ ಕೇಳಬೇಕು.

ಯೋಚಿಸಿ ಬರಲು ಹೇಳಿದೆ. ಮುಂದಿನ ಭೇಟಿಯಲ್ಲಿ ಆಕೆಯ ತೀರ್ಮಾನ ಗಟ್ಟಿಯಾಗಿತ್ತು, ಪ್ರಯತ್ನ ಮಾಡೋಣ. ಗಂಡನೂ ಒಪ್ಪಿದರು.

ಹಿಮೋಗ್ಲೋಬಿನ್ 9.2 ಇತ್ತು. ರಕ್ತನಾಳದ ಮೂಲಕ ಕಬ್ಬಿಣಾಂಶದ ಇಂಜೆಕ್ಷನ್ ಕೊಟ್ಟೆವು, ಒಂಬತ್ತನೇ ತಿಂಗಳಿಗೆ 11 ದಾಟಿತು. ರಕ್ತ ಕಡಿಮೆ ಇಟ್ಟುಕೊಂಡು ಇಂಥ ಪ್ರಯತ್ನಕ್ಕೆ ಇಳಿಯಬಾರದು.

ಜಾಗದ ವಿಷಯದಲ್ಲಿ ನಾನು ಒಂದಿಷ್ಟೂ ಬಗ್ಗಲಿಲ್ಲ. ಹೊಲಿಗೆ ಬಿಟ್ಟರೆ ಮಗುವನ್ನು ನಿಮಿಷಗಳ ಲೆಕ್ಕದಲ್ಲಿ ಹೊರತೆಗೆಯಬೇಕು. ಜಗಳೂರು ಕಡೆಯ ಹಳ್ಳಿಯಿಂದ ದಾವಣಗೆರೆಗೆ 108 ಎಷ್ಟೇ ಜೋರಾಗಿ ಬಂದರೂ ಅಷ್ಟು ಹೊತ್ತಿಗೆ ತಲುಪುವುದಿಲ್ಲ. ಹಗಲು ರಾತ್ರಿ ತೆರೆದ ಓಟಿ, ಕಟ್ಟಡದಲ್ಲೇ ಇರುವ ಅರಿವಳಿಕೆ ಡಾಕ್ಟರು, ರಕ್ತನಿಧಿ, ಮಕ್ಕಳ ಡಾಕ್ಟರು. ಇದರಲ್ಲಿ ಒಂದು ಇಲ್ಲದ ಕಡೆಯೂ ಎರಡು ಸಿಸೇರಿಯನ್ ಆದವರಿಗೆ ನಾರ್ಮಲ್ ಪ್ರಯತ್ನ ಬೇಡ. ಆಕೆಯ ತಂಗಿ ನಿಟುವಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದರು. 37ನೇ ವಾರಕ್ಕೆ ಅಲ್ಲಿಗೆ ಬಂದು ಉಳಿಯಬೇಕು, ಹೆರಿಗೆ ಆಗುವವರೆಗೆ ಊರಿಗೆ ಹೋಗಬಾರದು ಅಂತ ಮಾತಾಯಿತು. ಊರಲ್ಲಿ ಯಾರೇ ಆಗಲಿ ನೋವು ಬರುವ ಇಂಜೆಕ್ಷನ್ ಅಥವಾ ಮಾತ್ರೆ ಕೊಟ್ಟರೆ ತಗೊಳ್ಳಬಾರದು, ಹರಳೆಣ್ಣೆ ಕುಡಿಯಬಾರದು. ಇದನ್ನು ಆಶಾ ಕಾರ್ಯಕರ್ತೆಗೂ ಒತ್ತಿ ಹೇಳಿದೆ. ಹೊಲಿಗೆ ಇರುವ ಗರ್ಭಕೋಶಕ್ಕೆ ಮಿಸೊಪ್ರೊಸ್ಟಾಲ್ ಮಾತ್ರೆಯಿಂದ ನೋವು ಬರಿಸುವುದು ತುಂಬಾ ಅಪಾಯ.

ಇನ್ನೊಂದು ಷರತ್ತು: ನೋವು ತಾನಾಗಿಯೇ ಬರಬೇಕು. 40 ವಾರ 5 ದಿನ ಆದರೂ ಬರದಿದ್ದರೆ ಬರಿಸುವುದಿಲ್ಲ, ಸಿಸೇರಿಯನ್ ಮಾಡುತ್ತೇವೆ. ಆ ದಿನವನ್ನೂ ಕಾರ್ಡಿನಲ್ಲಿ ಬರೆದೆ. ಸಿಸೇರಿಯನ್ ಒಪ್ಪಿಗೆ ಪತ್ರಕ್ಕೂ ಮೊದಲೇ ಸಹಿ ಆಯಿತು. ಹಳೇ ಹೊಲಿಗೆ ಎಷ್ಟು ದಪ್ಪ ಇದೆ ಸ್ಕ್ಯಾನ್ ಮಾಡಿ ಅಂತ ಬಾವ ಕೇಳಿದರು. ಅಳೆಯಬಹುದು. ಆದರೆ ಇಷ್ಟು ಮಿಲಿಮೀಟರ್ ಇದ್ದರೆ ಭಯ ಇಲ್ಲ ಅನ್ನುವ, ಎಲ್ಲರೂ ಒಪ್ಪಿದ ಗೆರೆ ಇಲ್ಲ. ಅದೊಂದನ್ನೇ ನಂಬಿ ತೀರ್ಮಾನ ಮಾಡಲಿಲ್ಲ.

39 ವಾರ 4 ದಿನಕ್ಕೆ ರಾತ್ರಿ ಎರಡು ಗಂಟೆಗೆ ತಂಗಿಯ ಜೊತೆ ಆಟೋದಲ್ಲಿ ಬಂದರು. ಗರ್ಭಕೋಶದ ಬಾಯಿ ನಾಲ್ಕು ಸೆಂಟಿಮೀಟರ್ ತೆರೆದಿತ್ತು. ಕೈಗೆ ಸೂಜಿ ಹಾಕಿ, ಎರಡು ಬಾಟಲಿ ರಕ್ತ ಹೊಂದಿಸಿ ಇಟ್ಟು, ಅರಿವಳಿಕೆ ಡಾಕ್ಟರಿಗೂ ಮಕ್ಕಳ ಡಾಕ್ಟರಿಗೂ ತಿಳಿಸಿದೆವು. ಮಗುವಿನ ಎದೆಬಡಿತದ ಮೆಷಿನ್ನನ್ನು ಒಂದು ಕ್ಷಣವೂ ತೆಗೆಯಲಿಲ್ಲ. ಹೊಲಿಗೆ ಬಿಡುವಾಗ ಹೆಚ್ಚಿನ ಸಲ ಮೊದಲು ಕಾಣುವುದು ಎದೆಬಡಿತದ ಏರುಪೇರು. ನೋವು ಇಲ್ಲದ ಬಿಡುವಿನಲ್ಲೂ ಹೊಲಿಗೆ ಜಾಗದಲ್ಲಿ ನೋವು, ರಕ್ತ ಹೋಗುವುದು, ಬರುತ್ತಿದ್ದ ನೋವು ತಟ್ಟನೆ ನಿಲ್ಲುವುದು, ಕೆಳಗಿಳಿದ ತಲೆ ಮತ್ತೆ ಮೇಲೆ ಹೋಗುವುದು, ತಾಯಿಯ ನಾಡಿ ಏರುವುದು, ಮೂತ್ರದಲ್ಲಿ ರಕ್ತ, ಇವೂ ಗುರುತುಗಳೇ. ಡ್ಯೂಟಿ ಸಿಸ್ಟರ್ ಕಾಲು ಗಂಟೆಗೊಮ್ಮೆ ಇಷ್ಟನ್ನೂ ನೋಡಿ ಬರೆದರು.

ಬೆಳಗ್ಗೆ ಹೊತ್ತಿಗೆ ಆರು ಸೆಂಟಿಮೀಟರ್. ಎರಡು ಗಂಟೆ ಕಳೆದು ನೋಡಿದರೂ ಆರೇ. "ಮೇಡಂ, ಸಿಂಟೋ ಹಾಕೋಣವಾ?" ಅಂತ ಕಿರಿಯ ಡಾಕ್ಟರು ಕೇಳಿದರು. ಸಿಂಟೋ ಅಂದರೆ ನೋವು ಜೋರು ಮಾಡುವ ಔಷಧಿ. ಒಂದು ಹೊಲಿಗೆ ಇರುವವರಿಗೆ ಎಚ್ಚರಿಕೆಯಿಂದ ಹಾಕುವುದುಂಟು. ಎರಡು ಹೊಲಿಗೆಯ ಮೇಲೆ ನೋವು ಜೋರು ಮಾಡಲು ನನಗೆ ಮನಸ್ಸಿಲ್ಲ. ನೀರಿನ ಚೀಲ ಒಡೆದೆ. ನೀರು ತಿಳಿಯಾಗಿತ್ತು, ಎದೆಬಡಿತ ಸರಿಯಾಗಿತ್ತು. ಇನ್ನು ಎರಡು ಗಂಟೆ ನೋಡುತ್ತೇವೆ, ಮುಂದೆ ಹೋಗದಿದ್ದರೆ ಓಟಿ ಅಂತ ಆಕೆಗೂ ಹೇಳಿದೆ. "ಸರಿ ಮೇಡಂ, ನೀವು ಹೇಳ್ದಂಗೆ" ಅಂದರು. ಹಾಗೆ ಓಟಿಗೆ ಹೋಗಿದ್ದರೂ ನಾನು ಈ ಪ್ರಕರಣವನ್ನು ಹೀಗೇ ಬರೆಯುತ್ತಿದ್ದೆ, ಕೊಟ್ಟ ಮಾತು ಉಳಿಸಿಕೊಂಡಂತೆಯೇ ಲೆಕ್ಕ.

ಎರಡು ಗಂಟೆ ತುಂಬುವ ಮೊದಲೇ ಎಂಟಾಯಿತು. ಆಮೇಲೆ ಬೇಗ ಬೇಗ ಪೂರ್ತಿ ತೆರೆಯಿತು. ಮಧ್ಯಾಹ್ನದ ಹೊತ್ತಿಗೆ ಹೆರಿಗೆ. 2.9 ಕೆಜಿ, ಹೆಣ್ಣು ಮಗು, ತಕ್ಷಣ ಅತ್ತಿತು. ಕೆಳಗೆ ಸಣ್ಣ ಗಾಯಕ್ಕೆ ಹೊಲಿಗೆ ಹಾಕಿದೆವು. ರಕ್ತಸ್ರಾವ ಸಾಮಾನ್ಯ ಮಟ್ಟದಲ್ಲೇ ಇತ್ತು, ತಂದಿಟ್ಟ ರಕ್ತ ಬೇಕಾಗಲಿಲ್ಲ. ಮೊದಲ 24 ಗಂಟೆ ನಾಡಿ, ಬಿಪಿ, ಮೂತ್ರ ಬಿಡದೆ ನೋಡಿದೆವು. ಸಂಜೆ ತಾನೇ ಎದ್ದು ಬಚ್ಚಲಿಗೆ ಹೋಗಿ ಬಂದರು.

ಅದೇ ತಿಂಗಳು ಹೊಳಲ್ಕೆರೆ ಕಡೆಯಿಂದ ಬಂದ ಇನ್ನೊಬ್ಬರು ಇದೇ ಪ್ರಶ್ನೆ ಕೇಳಿದರು. ಅವರಿಗೂ ಎರಡೇ ಸಿಸೇರಿಯನ್. ಓಟಿ ನೋಟ್ಸ್ ತರಿಸಿ ನೋಡಿದರೆ ಎರಡನೇ ಸಲ 'ಟಿ' ಥರ ಕೊಯ್ದಿದ್ದರು. ಬೇಡ ಅಂದೆ. 37 ವಾರಕ್ಕೇ ದಿನ ಗೊತ್ತು ಮಾಡಿ ಸಿಸೇರಿಯನ್ ಮಾಡಿದೆವು, ತಾಯಿ ಮಗು ಚೆನ್ನಾಗಿದ್ದಾರೆ.

ಜಗಳೂರಿನ ತಾಯಿ ಸಂತಾನಹರಣ ಬೇಡ ಅಂದರು. ಹಾಗಂತ ಬೇಗನೆ ಇನ್ನೊಂದು ಬಸಿರೂ ಬೇಡ. 48 ಗಂಟೆಯೊಳಗೆ ಕಾಪರ್ ಟಿ ಹಾಕಿಸಿಕೊಂಡರು, ಬೇಕೆಂದಾಗ ತೆಗೆಸಬಹುದು. ಆ ತೀರ್ಮಾನ ಅವರದ್ದೇ, ಗಂಡನಿಗೂ ಅವರೇ ಹೇಳಿದರು.

ಡಿಸ್ಚಾರ್ಜ್ ಕಾರ್ಡನ್ನು ನಾನೇ ಕೂತು ಬರೆದೆ. ಹಿಂದಿನ ಎರಡು ಸಿಸೇರಿಯನ್‌ಗೆ ಕಾರಣ. ಎರಡೂ ಕೊಯ್ತ ಕೆಳಭಾಗ, ಅಡ್ಡ, ಈ ವಿವರ ಸಿಕ್ಕಿದ್ದು ಯಾವ ದಾಖಲೆಯಿಂದ. ನೋವು ತಾನಾಗಿ ಬಂತು, ಔಷಧಿಯಿಂದ ಬರಿಸಿಲ್ಲ, ಜೋರು ಮಾಡಿಲ್ಲ. ಕಾಪರ್ ಟಿ ಹಾಕಿದ ದಿನ. ಮುಂದೆ ಬಸಿರಾದರೆ ಮಾಸು ಎಲ್ಲಿದೆ ಅಂತ ತಪ್ಪದೆ ನೋಡಿಸಬೇಕು, ಹೆರಿಗೆ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು. ಗಂಡ ಕಾರ್ಡಿನ ಎರಡೂ ಬದಿಯ ಫೋಟೋ ಮೊಬೈಲ್‌ನಲ್ಲಿ ತೆಗೆದು ನಾದಿನಿಗೂ ಕಳಿಸಿದರು. ಓಟಿ ನೋಟ್ಸ್‌ನ ಜೆರಾಕ್ಸನ್ನು ಆ ಕಾರ್ಡಿಗೇ ಪಿನ್ ಮಾಡಿ ಕೊಟ್ಟೆ.